ಒಟ್ಟಿಗೆ ಹಾಜರಿ ಹಾಕಿದವರು

ಸುಗ್ಗಿ ಮುಗಿದು, ಮಾವಿನ ತೋಪಿನ ಕೆಲಸ ಇನ್ನೂ ಶುರುವಾಗದ ದಿನಗಳಲ್ಲಿ ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿ ಸುತ್ತಿನ ಯಾವುದಾದರೊಂದು ಊರಲ್ಲಿ ‘ಕುರುಕ್ಷೇತ್ರ’ ನಾಟಕ ಇದ್ದೇ ಇರುತ್ತದೆ. ದೇವಸ್ಥಾನದ ಮುಂದಿನ ಬಯಲಿನಲ್ಲಿ ಸೀನರಿ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಊಟವಾದ ಮೇಲೆ ಕೂರಿಸಿಕೊಂಡು ಕಂದಪದ್ಯ ಬಾಯಿಪಾಠ ಮಾಡಿಸಿರುತ್ತಾರೆ. ಹೆಚ್ಚು ದುಡ್ಡು ಕಟ್ಟಿದವನಿಗೆ ದುರ್ಯೋಧನನ ಪಾತ್ರ, ಅಷ್ಟು ಕಟ್ಟಲಾಗದವನಿಗೆ ವಿದುರನೋ ಸಂಜಯನೋ. ಬೆಳಕು ಹರಿಯುವ ಹೊತ್ತಿಗೆ ಭೀಮ ಗದೆ ಇಟ್ಟು, ಕಣ್ಣಿನ ಕಾಡಿಗೆಯನ್ನೂ ಒರೆಸದೆ ಡೇರಿಗೆ ಹಾಲು ಹಾಕಲು ಓಡುತ್ತಾನೆ. ಬಾಡಿಗೆ ಕಿರೀಟ, ಬಾಡಿಗೆ ಪರದೆ ಬಂದ ಗಾಡಿಯಲ್ಲೇ ವಾಪಸು ಹೋಗುತ್ತವೆ. ತಂಡ ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಇನ್ಯಾರೋ, ಇನ್ನೆಷ್ಟೋ ದುಡ್ಡು.

ಕನ್ನಡ ನಾಡಿನಲ್ಲಿ ನಾಟಕ ಬಹುಮಟ್ಟಿಗೆ ನಡೆದುಬಂದದ್ದು ಹೀಗೆ. ಪಟ್ಟಣದ ಹವ್ಯಾಸಿ ತಂಡಗಳ ಕಥೆಯೂ ಬೇರೆಯಲ್ಲ. ಹಗಲು ಬ್ಯಾಂಕು, ಎಲ್‌ಐಸಿ, ಕಾಲೇಜು, ಸಂಜೆ ರಿಹರ್ಸಲ್, ನಾಲ್ಕೈದು ಶೋ ಆದ ಮೇಲೆ ಚದುರಿಹೋಗುವ ಜನ. ಹಾಗಾದರೆ ನಟನೆಯನ್ನೇ ದಿನದ ಕೆಲಸ ಮಾಡಿಕೊಂಡು, ಒಂದೇ ಗುಂಪು ಹತ್ತಿಪ್ಪತ್ತು ವರ್ಷ ಒಟ್ಟಿಗಿದ್ದು ನಾಟಕ ಕಟ್ಟಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲೆಂದೇ 1989ರಲ್ಲಿ ಮೈಸೂರಿನ ಕಲಾಮಂದಿರದ ಆವರಣದಲ್ಲಿ ‘ರಂಗಾಯಣ’ ಹುಟ್ಟಿತು. ಹೆಸರು ಎಲ್ಲರಿಗೂ ಗೊತ್ತು. ಅದನ್ನು ಮೈಯಲ್ಲಿ ಹೊತ್ತ ಮೊದಲ ತಂಡದ ಕಲಾವಿದರ ಬಗ್ಗೆ ನಮಗೆ ಗೊತ್ತಿರುವುದು ಅರ್ಧವೇ.

ಗುಬ್ಬಿ ಕಂಪನಿಯ ಹುಡುಗ, ಭೋಪಾಲದ ಮೇಷ್ಟ್ರು

ಮೊದಲು ಕಟ್ಟಿದವರ ಕಥೆ. ಬಿ.ವಿ. ಕಾರಂತರು 1929ರಲ್ಲಿ ಬಂಟ್ವಾಳದ ಕಡೆಯ ಮಂಚಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದವರು. ಕಂಪನಿಯ ಮಾಲೀಕ ಗುಬ್ಬಿ ವೀರಣ್ಣನವರು ಹುಡುಗನ ಬುದ್ಧಿ ನೋಡಿ ಓದಲು ಕಾಶಿಗೆ ಕಳುಹಿಸಿದರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಿಂದ 1981ರವರೆಗೆ ಅದೇ ಶಾಲೆಗೆ ನಿರ್ದೇಶಕರೂ ಆದರು. ನಡುವೆ ಬೆಂಗಳೂರಿನಲ್ಲಿ ‘ಬೆನಕ’ ತಂಡ ಕಟ್ಟಿದ್ದರು. ದೆಹಲಿಯಿಂದ ಭೋಪಾಲಕ್ಕೆ ಹೋಗಿ, ಭಾರತ ಭವನದ ರಂಗಮಂಡಲವನ್ನು ಸಂಬಳದ ನಟರ ತಂಡವಾಗಿ ಕಟ್ಟಿ ಬೆಳೆಸಿದರು.

ಕರ್ನಾಟಕ ಸರ್ಕಾರ ಕರೆದಾಗ ಕಾರಂತರ ಕೈಯಲ್ಲಿ ಎರಡು ಅನುಭವವಿತ್ತು. ಒಂದು ಕಂಪನಿಯದು: ಒಂದೇ ಕ್ಯಾಂಪಿನಲ್ಲಿ ಉಂಡು, ಮಲಗಿ, ಹಾಡು ಕಲಿತು, ಪಾತ್ರ ಮಾಡುತ್ತ ಊರೂರು ಸುತ್ತುವ ಬದುಕು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಶಕ್ತಿ ಇದ್ದದ್ದೇ ಆ ಕೂಡುಬಾಳಿನಲ್ಲಿ. ಇನ್ನೊಂದು ನಾಟಕ ಶಾಲೆಯದು: ತರಬೇತಿ, ಶಿಸ್ತು, ಪ್ರಯೋಗ. ಈ ಎರಡನ್ನೂ ಬೆಸೆದು ಮಾಲೀಕನನ್ನು ಮಾತ್ರ ತೆಗೆದುಹಾಕಿದರೆ ಹೇಗೆ ಎಂಬುದು ಅವರ ಲೆಕ್ಕ. ಮಾಲೀಕನ ಜಾಗಕ್ಕೆ ಸರ್ಕಾರ ಬಂತು. ಅದರ ಬೆಲೆ ಆಮೇಲೆ ತಿಳಿಯಿತು, ಇರಲಿ.

ಹೊರಗಿನ ನಾಡುಗಳಲ್ಲಿ ಇಂಥ ತಂಡಗಳು ಹೊಸದಲ್ಲ. ಮಾಸ್ಕೋದಲ್ಲಿ 1898ರಲ್ಲಿ ಸ್ತಾನಿಸ್ಲಾವ್‌ಸ್ಕಿ ಮತ್ತು ನೆಮಿರೋವಿಚ್ ದಾಂಚೆಂಕೊ ಕಟ್ಟಿದ ಆರ್ಟ್ ಥಿಯೇಟರ್, 1949ರಲ್ಲಿ ಬ್ರೆಕ್ಟ್ ಮತ್ತು ಹೆಲೆನೆ ವೈಗಲ್ ಕಟ್ಟಿದ ಬರ್ಲಿನರ್ ಆನ್ಸಾಂಬಲ್ ಎರಡೂ ಇದೇ ಜಾತಿಯವು. ಅಲ್ಲಿ ಇವತ್ತು ಹ್ಯಾಮ್ಲೆಟ್ ಆದವನು ನಾಳೆ ದೀವಟಿಗೆ ಹಿಡಿಯುವ ಸೇವಕ. ನಮ್ಮಲ್ಲೇ ಹೆಗ್ಗೋಡಿನ ನೀನಾಸಂ 1985ರಿಂದ ‘ತಿರುಗಾಟ’ ನಡೆಸುತ್ತ ಬಂದಿದೆ. ಆದರೆ ತಿರುಗಾಟದ ತಂಡಕ್ಕೆ ವರ್ಷವರ್ಷವೂ ಹೊಸಬರು ಬರುತ್ತಾರೆ. ಒಂದು ಗುಂಪನ್ನು ಆರಿಸಿ, ನೀವು ಇಲ್ಲೇ ಇರಿ, ಇದೇ ನಿಮ್ಮ ನೌಕರಿ ಎಂದದ್ದು ಕನ್ನಡದಲ್ಲಿ ರಂಗಾಯಣವೇ ಮೊದಲು.

ಹಾಜರಿ ಪುಸ್ತಕವೇ ನಾಡಿನ ನಕ್ಷೆ

ರಾಜ್ಯದ ಮೂಲೆಮೂಲೆಯಿಂದ ಹುಡುಗ ಹುಡುಗಿಯರು ಆಯ್ಕೆಗೆ ಬಂದರು. ಕೆಲವರು ನೀನಾಸಂನಲ್ಲಿ ಕಲಿತವರು, ಕೆಲವರು ಊರ ತಂಡಗಳಲ್ಲಿ ಬಣ್ಣ ಹಚ್ಚಿದವರು. ಮಂಡ್ಯ ರಮೇಶ್, ಹುಲುಗಪ್ಪ ಕಟ್ಟೀಮನಿ, ಜಗದೀಶ ಮನೆವಾರ್ತೆ, ಮೈಮ್ ರಮೇಶ್, ಪ್ರಶಾಂತ್ ಹಿರೇಮಠ, ಕೃಷ್ಣಕುಮಾರ್ ನಾರ್ಣಕಜೆ, ವಿನಾಯಕ ಭಟ್ ಹಾಸಣಗಿ, ಸಂತೋಷ್ ಕುಸನೂರು, ಅರುಣ್ ಸಾಗರ್. ಗೀತಾ ಮೊಂಟಡ್ಕ, ಪ್ರಮೀಳಾ ಬೇಂಗ್ರೆ, ಕೆ.ಆರ್. ನಂದಿನಿ, ಸರೋಜಾ ಹೆಗಡೆ, ಬಿ.ಎನ್. ಶಶಿಕಲಾ. ಇದು ಪೂರ್ತಿ ಪಟ್ಟಿಯಲ್ಲ. ಆದರೆ ಹೆಸರುಗಳ ಕೊನೆಯ ಊರು, ಮನೆತನಗಳನ್ನು ಓದುತ್ತ ಹೋದರೆ ಸಾಕು, ಕರಾವಳಿ, ಮಲೆನಾಡು, ಬಯಲುಸೀಮೆ, ಬಡಗಣ ಕರ್ನಾಟಕ ಎಲ್ಲವೂ ಒಂದೇ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದಂತೆ ಕಾಣುತ್ತದೆ.

ಮೈಸೂರಿನ ಜನ ಮೊದಮೊದಲು ಬೆರಗಿನಿಂದ ನೋಡಿದರು. ನಾಟಕ ಆಡುವುದಕ್ಕೆ ಸರ್ಕಾರದ ಸಂಬಳವೇ? ಪ್ರಶ್ನೆಯಲ್ಲಿ ಅಸೂಯೆಯೂ ಇತ್ತು, ತಾತ್ಸಾರವೂ ಇತ್ತು. ಸಂಬಳ ದೊಡ್ಡದೇನಲ್ಲ. ಆದರೂ ಹೆಣ್ಣುಮಗಳೊಬ್ಬಳು ನಾಟಕವೇ ನನ್ನ ನೌಕರಿ ಎಂದು ಮನೆಯಲ್ಲಿ ಹೇಳಿ, ತಿಂಗಳ ಕೊನೆಗೆ ಸಂಬಳ ತಂದುಕೊಡುವ ಅವಕಾಶ ಅದಕ್ಕೆ ಮೊದಲು ಎಲ್ಲಿತ್ತು? ಕಂಪನಿಗಳಲ್ಲಿ ದುಡಿದ ನಟಿಯರು ಊರಿನ ಬಾಯಿಗೆ ಸಿಕ್ಕು ಪಟ್ಟ ಪಾಡು ಬಲ್ಲವರಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತಾಗುತ್ತದೆ. ರಂಗಾಯಣದ ಸಾಧನೆಗಳ ಪಟ್ಟಿಯಲ್ಲಿ ಇದನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಬರೆಯಬೇಕು.

ಒಂದು ದಿನದ ಕೆಲಸ

ರಂಗಾಯಣದ್ದು ರೆಪರ್ಟರಿ, ಎಂದರೆ ಹಲವು ನಾಟಕಗಳನ್ನು ಒಟ್ಟಿಗೇ ಜೀವಂತವಾಗಿ ಇಟ್ಟುಕೊಂಡ ತಂಡ. ಹೊಸ ನಾಟಕದ ತಾಲೀಮು ನಡೆಯುತ್ತಿರುವಾಗಲೇ ವಾರದ ಕೊನೆಗೆ ಹಳೆಯದೊಂದರ ಪ್ರದರ್ಶನ ಇರುತ್ತದೆ. ತಿಂಗಳಾಚೆ ಮತ್ತೊಂದನ್ನು ಲಾರಿಗೆ ಹೇರಿಕೊಂಡು ಜಿಲ್ಲೆ ಸುತ್ತಬೇಕು. ಹಾಗಾಗಿ ನಟನ ತಲೆಯಲ್ಲಿ ಒಂದೇ ವೇಳೆಗೆ ನಾಲ್ಕಾರು ಪಾತ್ರಗಳ ಮಾತು ಇರಬೇಕು.

ಬೆಳಿಗ್ಗೆ ಮೈಗೆ ಕೆಲಸ: ವ್ಯಾಯಾಮ, ಕಳರಿ, ಕಂಸಾಳೆ, ಯಕ್ಷಗಾನದ ಹೆಜ್ಜೆ. ಆಮೇಲೆ ಗಂಟಲಿಗೆ. ಕಾರಂತರ ತಂಡದಲ್ಲಿ ಹಾಡು ಬಾರದ ನಟನಿಗೂ ಬಿಡುಗಡೆ ಇರಲಿಲ್ಲ. ಅವರಿಗೆ ರಂಗಸಂಗೀತವೆಂದರೆ ಹಾರ್ಮೋನಿಯಂ, ತಬಲಾಗೆ ಮುಗಿಯುವ ಸಂಗತಿಯಲ್ಲ. ಬಿದಿರು, ಕಲ್ಲು, ತಗಡು, ಕೊನೆಗೆ ನಟರ ಉಸಿರಿನಿಂದಲೂ ಸದ್ದು ಹೊರಡಿಸುವವರು ಅವರು. ಇಡೀ ಗುಂಪು ಒಂದೇ ದನಿಯಾಗುವ ಮೇಳವೇ ಅವರ ನಾಟಕದ ಬೆನ್ನೆಲುಬು. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ವನ್ನು ಅವರು ರಂಗಕ್ಕೆ ತಂದಾಗ ಅದು ನೆಲಕ್ಕಿಳಿದದ್ದು ಆ ಮೇಳದ ಬಲದಿಂದ. ಗೀತನಾಟಕವೆಂದರೆ ಪಾಠದ ಪುಸ್ತಕಕ್ಕಷ್ಟೇ ಸರಿ ಎಂದುಕೊಂಡಿದ್ದವರು ಎದ್ದು ಕೂತು ನೋಡಿದರು. ಮಕ್ಕಳಿಗೆ ಕುವೆಂಪು ಅವರ ‘ಕಿಂದರಿಜೋಗಿ’ ಬಂದದ್ದು ರಂಗಾಯಣದ ಅಂಗಳದಿಂದಲೇ.

ಸಂಜೆ ತಾಲೀಮು. ಅದು ಮುಗಿದರೂ ನಟನ ಕೆಲಸ ಮುಗಿಯದು. ಸೆಟ್ಟಿನ ಹಲಗೆ ಹೊರುವುದು, ಉಡುಪು ಒಗೆದು ಮಡಿಸುವುದು, ಲೈಟಿಗೆ ಏಣಿ ಹಿಡಿಯುವುದು, ಬಾಗಿಲಲ್ಲಿ ಟಿಕೆಟ್ ಹರಿಯುವುದು. ರಂಗಸಜ್ಜಿಕೆಯಲ್ಲಿ ದ್ವಾರಕಿ ಎಂದೇ ಹೆಸರಾದ ಎಚ್.ಕೆ. ದ್ವಾರಕಾನಾಥ್ ಅವರಂಥವರು ನಟರ ಜತೆಗೇ ಕೂತು ಕೆಲಸ ಮಾಡಿದರು. ಹೀಗೆ ವರ್ಷಗಟ್ಟಲೆ ಒಟ್ಟಿಗಿದ್ದವರಿಗೆ ಎದುರಿನವನ ಉಸಿರು ಎಲ್ಲಿ ನಿಲ್ಲುತ್ತದೆ, ಕಾಲು ಯಾವ ಕಡೆ ತಿರುಗುತ್ತದೆ ಎಂಬುದು ನೋಡದೆಯೇ ತಿಳಿಯುತ್ತದೆ. ಒಬ್ಬ ಮಾತು ಮರೆತರೆ ಮತ್ತೊಬ್ಬ ಎತ್ತಿಕೊಳ್ಳುತ್ತಾನೆ, ಪ್ರೇಕ್ಷಕನಿಗೆ ಸುಳಿವೂ ಹತ್ತುವುದಿಲ್ಲ. ನಾಲ್ಕು ಶೋಗೆಂದು ಕೂಡಿದ ತಂಡಕ್ಕೆ ಈ ಗುಣ ದಕ್ಕದು.

ಮಾಸ್ತಿಯವರು ಒಪ್ಪದ ನಾಟಕ

ನಮ್ಮ ತಾಲ್ಲೂಕಿನ ಓದುಗರಿಗೆ ಇಲ್ಲೊಂದು ಸ್ವಾರಸ್ಯವಿದೆ. ಕುವೆಂಪು ‘ಶೂದ್ರ ತಪಸ್ವಿ’ ಬರೆದು ರಾಮಾಯಣದ ಶಂಬೂಕನ ಕಥೆಯನ್ನೇ ತಿರುಗಿಸಿ ಇಟ್ಟಾಗ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಅದನ್ನು ಒಪ್ಪಲಿಲ್ಲ. ಪುರಾಣದ ಕಥೆಯನ್ನು ಹೀಗೆ ಬದಲಿಸಬಹುದೇ ಎಂಬುದು ಅವರ ತಕರಾರು. ಕುವೆಂಪು ಖಾರವಾಗಿಯೇ ಉತ್ತರಿಸಿದರು. ಕನ್ನಡ ಸಾಹಿತ್ಯದ ದೊಡ್ಡ ವಾಗ್ವಾದಗಳಲ್ಲಿ ಅದೂ ಒಂದು. ಇತ್ತ ಕುವೆಂಪು ತಮ್ಮ ನಾಟಕಗಳು ಮನೋರಂಗಭೂಮಿಗೆ ಎನ್ನುತ್ತಿದ್ದುದರಿಂದ, ಅವು ಓದಲಷ್ಟೇ ಸರಿ, ಆಡಲು ಬಾರವು ಎಂಬ ನಂಬಿಕೆ ದಶಕಗಟ್ಟಲೆ ಬೇರೂರಿತ್ತು.

ಆ ನಂಬಿಕೆಯನ್ನು ಮುರಿದವರಲ್ಲಿ ರಂಗಾಯಣದ ತಂಡ ಮುಖ್ಯವಾದುದು. ಕಾರಂತರ ನಂತರ ಹೊಣೆ ಹೊತ್ತ ಸಿ. ಬಸವಲಿಂಗಯ್ಯನವರು ‘ಶೂದ್ರ ತಪಸ್ವಿ’ಯನ್ನು ರಂಗಕ್ಕೆ ತಂದರು. ಪುಟದ ಮೇಲೆ ಬಿಗಿಯಾಗಿ ಕೂತ ಹಳೆಗನ್ನಡದ ಛಾಯೆಯ ಸಾಲುಗಳು ಮೇಳದ ಕಾಲು ಕೈಗಳಿಗೆ ಇಳಿದಾಗ ನಾಟಕ ಬೇರೆಯೇ ಆಯಿತು. ಬರಹದಲ್ಲಿ ನಡೆದ ಜಗಳದಲ್ಲಿ ಮಾಸ್ತಿಯವರ ಪಕ್ಷ ವಹಿಸಿದವರೂ ರಂಗದ ಮೇಲಿನ ಶಂಬೂಕನನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರರು ಎಂದು ನನ್ನ ಅನಿಸಿಕೆ.

ಮಾಸ್ತಿಯವರೂ ನಾಟಕಕಾರರೇ ಎಂಬುದನ್ನು ನಾವು ಸಣ್ಣ ಕತೆಗಳ ಹೊಳಪಿನಲ್ಲಿ ಮರೆಯುತ್ತೇವೆ. ಅವರ ‘ಕಾಕನಕೋಟೆ’ಯನ್ನು ಬೆಂಗಳೂರಿನಲ್ಲಿ ‘ನಟರಂಗ’ ತಂಡ ಆಡಿತು. ಸಿ.ಆರ್. ಸಿಂಹ ಅದನ್ನೇ ಸಿನಿಮಾ ಮಾಡಿದರು. ಕಾಡುಕುರುಬರ ಬದುಕಿನ ಆ ನಾಟಕವನ್ನು ಇಂಥದೊಂದು ಸ್ಥಿರ ತಂಡ ಮತ್ತೆ ಕೈಗೆತ್ತಿಕೊಂಡರೆ ನೋಡಬೇಕು.

ರಂಗಾಯಣದ ಇನ್ನೊಂದು ಎತ್ತರ ದೇವನೂರ ಮಹಾದೇವರ ‘ಕುಸುಮಬಾಲೆ’. ಅದನ್ನೂ ಕಟ್ಟಿದವರು ಬಸವಲಿಂಗಯ್ಯನವರೇ. ನಂಜನಗೂಡು ಸೀಮೆಯ ಆಡುಮಾತಿನಲ್ಲಿರುವ ಆ ಕಾದಂಬರಿಯನ್ನು ಓದಿ ಅರ್ಥ ಮಾಡಿಕೊಳ್ಳುವುದೇ ಬೇರೆ ಜಿಲ್ಲೆಯವರಿಗೆ ಕಷ್ಟ. ಅದನ್ನು ಕರಾವಳಿಯ ನಾಲಿಗೆ, ಬಡಗಣ ನಾಲಿಗೆಗಳು ಕಲಿತು ಆಡಬೇಕಿತ್ತು. ಸಂಬಳದ ತಂಡ ಏಕೆ ಬೇಕು ಎಂದು ಕೇಳುವವರಿಗೆ ಉತ್ತರ ಇದೇ. ಭಾಷೆಯನ್ನು ನಾಲಿಗೆಗೆ ಹತ್ತಿಸಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಆ ತಿಂಗಳುಗಳ ಅಕ್ಕಿ ಬೇಳೆಯ ಚಿಂತೆಯನ್ನು ಬೇರೆ ಯಾರಾದರೂ ಹೊರಬೇಕು.

ಬೆಳತನಕ ಮದುಮಗಳು

2010ರಲ್ಲಿ ರಂಗಾಯಣದ ಆವರಣದಲ್ಲಿ ‘ಮಲೆಗಳಲ್ಲಿ ಮದುಮಗಳು’ ಶುರುವಾದಾಗ ಜನ ಕಂಬಳಿ, ಶಾಲು ಹೊತ್ತು ಬಂದರು. ರಾತ್ರಿ ಆರಂಭವಾದ ನಾಟಕ ಮುಗಿಯುವಷ್ಟರಲ್ಲಿ ಬೆಳಕು ಹರಿಯುತ್ತಿತ್ತು, ಹೆಚ್ಚುಕಡಿಮೆ ಒಂಬತ್ತು ಗಂಟೆ. ನಾಲ್ಕು ರಂಗಸ್ಥಳ. ಕಥೆ ಒಂದರಿಂದ ಇನ್ನೊಂದಕ್ಕೆ ಸರಿದಂತೆ ಪ್ರೇಕ್ಷಕರೂ ಎದ್ದು ನಡೆಯಬೇಕು. ನಿರ್ದೇಶನ ಬಸವಲಿಂಗಯ್ಯನವರದು, ಸಂಗೀತ ಹಂಸಲೇಖ ಅವರದು. ಆಗ ರಂಗಾಯಣದ ಚುಕ್ಕಾಣಿ ಹಿಡಿದಿದ್ದವರು ಲಿಂಗದೇವರು ಹಳೆಮನೆ.

ಕುವೆಂಪು ಅವರ 1967ರ ಆ ಬೃಹತ್ ಕಾದಂಬರಿಯನ್ನು ರಂಗಕ್ಕೆ ಬರೆದುಕೊಟ್ಟವರು ಕೆ.ವೈ. ನಾರಾಯಣಸ್ವಾಮಿ, ನಮ್ಮ ಮಾಲೂರು ತಾಲ್ಲೂಕಿನ ಕುಪ್ಪೂರಿನವರು. ಮಲೆನಾಡಿನ ಗುತ್ತಿ, ತಿಮ್ಮಿ, ಐತ, ಪೀಂಚಲುಗಳಿಗೆ ರಂಗದ ಮಾತು ಕೊಡಲು ಬಯಲುಸೀಮೆಯ, ಮಳೆಗೆ ಬಾಯಿ ಬಿಡುವ ಕೆರೆಗಳ ನಾಡಿನ ಕವಿ ಬೇಕಾಯಿತು. ಕಾದಂಬರಿಗೆ ನಾಯಕರಿಲ್ಲ; ಸಣ್ಣವರೇ ಎಲ್ಲ. ರಂಗಾಯಣದಂಥ ತಂಡಕ್ಕೆ ಇದಕ್ಕಿಂತ ಹೊಂದುವ ಕೃತಿ ಸಿಗುವುದು ಕಷ್ಟ, ಏಕೆಂದರೆ ಅಲ್ಲಿಯೂ ಒಬ್ಬ ಹೀರೋ ಇಲ್ಲ. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲಿಯೂ ನಾಟಕ ನಡೆದು ಜನ ಮುಗಿಬಿದ್ದರು. ಇಡೀ ರಾತ್ರಿ ನಾಟಕ ನೋಡುವುದು ನಮ್ಮ ಹಳ್ಳಿಗಳಿಗೆ ಹೊಸದೇ? ಪಟ್ಟಣದವರಿಗೆ ಮಾತ್ರ ಅದು ಸುದ್ದಿಯಾಯಿತು.

ಗೇಟಿನಾಚೆ ಹೋದವರು

ತಂಡವೆಂದರೆ ಎಲ್ಲರೂ ಕೊನೆತನಕ ಒಳಗೇ ಇರಬೇಕೆಂದಲ್ಲ. ಮಂಡ್ಯ ರಮೇಶ್ ಹೊರಬಂದು ಮೈಸೂರಿನಲ್ಲೇ ‘ನಟನ’ ಕಟ್ಟಿದರು. ಸಿನಿಮಾ, ಕಿರುತೆರೆಯಲ್ಲಿ ಮನೆಮಾತಾದರೂ ರಂಗಶಾಲೆ ಬಿಡಲಿಲ್ಲ. ಅರುಣ್ ಸಾಗರ್ ಕಲಾ ನಿರ್ದೇಶನ, ಸಿನಿಮಾ, ಟಿವಿಯತ್ತ ಹೋದರು. ಮೈಮ್ ರಮೇಶ್ ತಮ್ಮದೇ ತಂಡ ಕಟ್ಟಿ ಹೊಸ ಹುಡುಗರನ್ನು ತಯಾರು ಮಾಡಿದರು.

ಎಲ್ಲರಿಗಿಂತ ದೂರ ಹೋದವರು, ಒಂದು ಲೆಕ್ಕದಲ್ಲಿ, ಹುಲುಗಪ್ಪ ಕಟ್ಟೀಮನಿ. ಅವರು ಹೋದದ್ದು ಜೈಲಿಗೆ. ‘ಸಂಕಲ್ಪ’ ಎಂಬ ತಂಡದ ಮೂಲಕ ಮೈಸೂರಿನ ಕಾರಾಗೃಹದ ಕೈದಿಗಳಿಗೆ ನಾಟಕ ಕಲಿಸಿ, ಗಿರೀಶ ಕಾರ್ನಾಡರ ‘ತಲೆದಂಡ’, ಮ್ಯಾಕ್‌ಬೆತ್‌ನ ಕನ್ನಡ ರೂಪ ‘ಮಾರನಾಯಕ’ದಂಥ ನಾಟಕಗಳನ್ನು ಅವರಿಂದ ಆಡಿಸಿದರು. ಕೊಲೆ ಮಾಡಿ ನಿದ್ದೆ ಕಳೆದುಕೊಂಡ ರಾಜನ ಪಾತ್ರವನ್ನು, ಕೊಲೆಯ ಶಿಕ್ಷೆ ಅನುಭವಿಸುತ್ತಿರುವವರ ನಡುವೆ ನಿಂತು ಕಲಿಸುವುದು ಸುಮ್ಮನೆ ಮಾತಲ್ಲ. ಮೇಳ ಕಟ್ಟುವ ವಿದ್ಯೆಯನ್ನು ಅವರು ಗೋಡೆಯಾಚೆಗೂ ಒಯ್ದರು.

ಒಳಗೆ ಉಳಿದವರೂ ನಟನೆಯಲ್ಲೇ ನಿಲ್ಲಲಿಲ್ಲ. ನಿರ್ದೇಶಿಸಿದರು, ಮಕ್ಕಳ ಬೇಸಿಗೆ ಶಿಬಿರ ‘ಚಿಣ್ಣರ ಮೇಳ’ದಲ್ಲಿ ದುಡಿದರು, ಕಾಲೇಜು ಹುಡುಗರಿಗೆ ಕಲಿಸಿದರು, ‘ಬಹುರೂಪಿ’ ನಾಟಕೋತ್ಸವದ ಚಪ್ಪರವನ್ನೂ ಹಾಕಿದರು.

ಖುರ್ಚಿ ಬದಲಾಗುತ್ತದೆ, ಹಾಜರಿ ಬದಲಾಗದು

ಕಾರಂತರ ನಂತರ ಬಸವಲಿಂಗಯ್ಯ, ಪ್ರಸನ್ನ, ಚಿದಂಬರರಾವ್ ಜಂಬೆ, ಬಿ. ಜಯಶ್ರೀ, ಹಳೆಮನೆ, ಎಚ್. ಜನಾರ್ಧನ್, ಭಾಗೀರಥಿ ಬಾಯಿ ಕದಂ, ಅಡ್ಡಂಡ ಕಾರ್ಯಪ್ಪ ಹೀಗೆ ನಿರ್ದೇಶಕರು ಬಂದುಹೋದರು. ನೇಮಿಸುವುದು ಸರ್ಕಾರ. ಸರ್ಕಾರದ ಬಣ್ಣ ಬದಲಾದಾಗ ಖುರ್ಚಿಗೂ ಬಿಸಿ ತಟ್ಟುತ್ತದೆ. 2021ರಲ್ಲಿ ಭೈರಪ್ಪನವರ ‘ಪರ್ವ’ ಪ್ರಕಾಶ್ ಬೆಳವಾಡಿಯವರ ನಿರ್ದೇಶನದಲ್ಲಿ ದಿನವಿಡೀ ಹರಡಿಕೊಂಡು ರಂಗವೇರಿದಾಗ ಹೊಗಳಿಕೆ ಬಂತು. ಮರುವರ್ಷ ಟಿಪ್ಪುವಿನ ಮೇಲಿನ ನಾಟಕ ಬಂದಾಗ ಬೀದಿಯಲ್ಲೂ ಪತ್ರಿಕೆಯಲ್ಲೂ ಜಗಳವಾಯಿತು. ನಿರ್ದೇಶಕರ ಒಲವು ಯಾವ ಕಡೆಯಿದ್ದರೂ ಬೆಳಿಗ್ಗೆ ಬಂದು ಮೈ ಬಗ್ಗಿಸುತ್ತಿದ್ದವರು ಅದೇ ನಟರು. ತಂಡಕ್ಕೊಂದು ಗುರುತಿದ್ದರೆ ಅದು ಉಳಿದದ್ದು ಇವರಿಂದ. ಆದರೆ ಯಾವ ನಾಟಕ ಆಡಬೇಕೆಂದು ನಿರ್ಧರಿಸುವಲ್ಲಿ ಅವರ ಮಾತಿಗೆ ಎಷ್ಟು ತೂಕವಿತ್ತು? ಒಟ್ಟಿಗೆ ಕಟ್ಟುವ ತಂಡ ಎಂದ ಮೇಲೆ ಈ ಪ್ರಶ್ನೆ ಕೇಳಲೇಬೇಕು.

ಇನ್ನೂ ದೊಡ್ಡ ತೊಂದರೆ ಕಾಲದ್ದು. ಹೆಚ್ಚುಕಡಿಮೆ ಒಂದೇ ವಯಸ್ಸಿನವರನ್ನು ಒಂದೇ ಸಲ ಸೇರಿಸಿಕೊಂಡರೆ ಅವರು ಒಂದೇ ಸಲ ಮುದುಕರಾಗುತ್ತಾರೆ. ಇಪ್ಪತ್ತರ ಹರೆಯದಲ್ಲಿ ಬಂದವರು ಐವತ್ತು ದಾಟಿದಾಗ ತಂಡದಲ್ಲಿ ತಂದೆಯ ಪಾತ್ರಕ್ಕೆ ಜನ ಸಾಲುಗಟ್ಟಿದ್ದರು, ಮಗನ ಪಾತ್ರಕ್ಕೆ ಹೊರಗಿನಿಂದ ಕರೆತರಬೇಕಾಯಿತು. ಈಗ ಮೊದಲ ತಂಡದವರು ಒಬ್ಬೊಬ್ಬರಾಗಿ ನಿವೃತ್ತರಾಗಿದ್ದಾರೆ. ಆ ಜಾಗಕ್ಕೆ ಬಂದ ಕಿರಿಯರಲ್ಲಿ ಹೆಚ್ಚಿನವರು ಕೆಲವೇ ವರ್ಷದ ಕರಾರಿನವರು. ರಂಗಾಯಣದ ಭಾರತೀಯ ರಂಗ ಶಿಕ್ಷಣ ಕೇಂದ್ರದಲ್ಲಿ ತರಬೇತಾದ ಹುಡುಗರು ಚುರುಕಾಗಿದ್ದಾರೆ, ಹಾಡುತ್ತಾರೆ, ಕುಣಿಯುತ್ತಾರೆ. ಆದರೆ ಎದುರಿನವನ ಉಸಿರು ಗುರುತಾಗುವ ಹೊತ್ತಿಗೆ ಕರಾರು ಮುಗಿದಿರುತ್ತದೆ.

ತೇರಹಳ್ಳಿ ಬೆಟ್ಟದ ಮೇಲೆ

ಸಂಬಳವಿಲ್ಲದೆಯೂ ಕೂಡಿ ಕಟ್ಟಬಹುದೇ? ನಮ್ಮ ಕೋಲಾರದಲ್ಲೇ ಅದರ ಪರೀಕ್ಷೆ ನಡೆದಿದೆ. ಅಂತರಗಂಗೆಯ ಪಕ್ಕ, ಶತಶೃಂಗ ಬೆಟ್ಟಸಾಲಿನ ತೇರಹಳ್ಳಿಯ ಬಳಿ, ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ‘ಆದಿಮ’ ಮಾಲೀಕನೂ ಇಲ್ಲದ, ಇಲಾಖೆಯೂ ಇಲ್ಲದ ಜಾಗ. ದಲಿತ ಚಳವಳಿಯ ಹಾಡು, ತಮಟೆಯ ಪೆಟ್ಟು, ತೆಲುಗು ಬೆರೆತ ಕನ್ನಡ ಅದರ ಬಂಡವಾಳ. ಹುಣ್ಣಿಮೆಯ ರಾತ್ರಿ ಬಂಡೆಗಳ ನಡುವೆ ‘ಹುಣ್ಣಿಮೆ ಹಾಡು’, ಬೇಸಿಗೆಯಲ್ಲಿ ಮಕ್ಕಳಿಗೆ ‘ಚುಕ್ಕಿ ಮೇಳ’. ರಾಮಯ್ಯನವರ ‘ಕಣ್ಣಾಸ್ಪತ್ರೆ’, ‘ನಾಯಿತಿಪ್ಪ’ದಂಥ ಮಕ್ಕಳ ನಾಟಕಗಳಲ್ಲಿ ಕೋಲಾರದ ಮಾತು ನಾಚದೆ ರಂಗಕ್ಕೆ ಬಂದಿದೆ. ಇಲ್ಲಿಯ ಸ್ವಾತಂತ್ರ್ಯ ಮೈಸೂರಿನಲ್ಲಿಲ್ಲ. ಅಲ್ಲಿಯ ಅನ್ನದ ಭರವಸೆ ಇಲ್ಲಿಲ್ಲ.

ಮೈಸೂರಿನ ಆಚೆ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲಿ ರಂಗಾಯಣಗಳು ಆಗಿವೆ. ಎರಡು ಭಾಷೆಯ ಗಡಿಯಲ್ಲಿರುವ ಕೋಲಾರದ ಕಡೆಗೆ ಒಂದಿಲ್ಲ. ಇಲ್ಲಿಗೂ ಒಂದು ಬರಲಿ ಎಂದು ಕೇಳುವುದು ತಪ್ಪಲ್ಲ, ಆದರೆ ಅದಕ್ಕೂ ಮೊದಲು ಆಗಬೇಕಾದ್ದು ಬೇರೆ. ಇರುವ ತಂಡಗಳಿಗೆ ಎರಡು ಮೂರು ವರ್ಷಕ್ಕೊಮ್ಮೆ ನಾಲ್ಕೈದು ಜನರನ್ನಾದರೂ ಕಾಯಂ ಆಗಿ ತೆಗೆದುಕೊಂಡು, ಹಿರಿಯರು ಇರುವಾಗಲೇ ಕಿರಿಯರು ಅವರ ಪಕ್ಕ ನಿಂತು ಕಲಿಯುವಂತೆ ಸರ್ಕಾರ ಮಾಡಬೇಕು. ನಿವೃತ್ತರಾದ ಮೊದಲ ತಂಡದವರನ್ನು ಸನ್ಮಾನಕ್ಕೆ ಕರೆದು ಶಾಲು ಹೊದಿಸುವುದರ ಬದಲು ಹೊಸಬರ ತಾಲೀಮಿಗೆ ಗೌರವಧನ ಕೊಟ್ಟು ಕರೆಯಬೇಕು. ಓದುಗರ ಪಾಲಿನದು ಸುಲಭದ ಕೆಲಸ: ವಾರಾಂತ್ಯಕ್ಕೆ ಮೈಸೂರಿಗೆ ಹೋದರೆ ಅರಮನೆ, ಝೂ ಮುಗಿಸಿ ಸಂಜೆ ರಂಗಾಯಣದ ‘ಭೂಮಿಗೀತ’ ರಂಗಮಂದಿರದತ್ತ ಹೆಜ್ಜೆ ಹಾಕಿ; ತಂಡ ಜಿಲ್ಲೆಗೆ ಬಂದಾಗ ಕೋಲಾರದ ಚನ್ನಯ್ಯ ರಂಗಮಂದಿರದ ಖುರ್ಚಿಗಳನ್ನು ತುಂಬಿಸಿ. ಟಿಕೆಟ್ ಮಾತ್ರ ಕೊಂಡು ಹೋಗಿ, ಪಾಸ್ ಕೇಳಬೇಡಿ.